ಮುನ್ನೂರ ಹನ್ನೊಂದನೇ ಗೂಟ

ದುರ್ಬೀನು ಲೋಬೋ ಸಾರ್ ಅವರದು. ಕೋಲು ನನ್ನದು.
ಕೆಂಪು ಬಿಳಿ ಪಟ್ಟಿಯ ನಾಲ್ಕು ಮೀಟರು,
ಅಲುಗದಂತೆ ಹಿಡಿದರೆ ದಿನಕ್ಕೆ ಐನೂರೈವತ್ತು.
ಹಳೇ ದುರ್ಬೀನು; ಅದರೊಳಗೆ ನಾನು
ತಲೆಕೆಳಗೆ ಕಾಣುತ್ತೇನಂತೆ,
ಆಕಾಶಕ್ಕೆ ಕಾಲು ಕೊಟ್ಟು.

ಹೊಳೆ ಬಸ್‌ ಸ್ಟಾಪಿನ ಹತ್ತಿರ ಮೊದಲ ಗೂಟ.
ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ
ದಾಟಿ ಭದ್ರಾವತಿಯವರೆಗೆ,
ಮೂವತ್ತು ಮೀಟರಿಗೊಂದು.
ಹಗುರ ರೈಲು ಬರುತ್ತದಂತೆ, ಎರಡೇ ಡಬ್ಬಿಯದು,
ರಸ್ತೆಯ ಪಕ್ಕಕ್ಕೇ, ಕೈ ಮಾಡಿದರೆ ನಿಲ್ಲುವಷ್ಟು ಹತ್ತಿರ.

ಐವತ್ತೆರಡನೆಯದು ಗುಜರಿ ಬಾಷಣ್ಣನ ತಕ್ಕಡಿ ಬುಡಕ್ಕೇ ಬಿತ್ತು.
ಬಾಷಣ್ಣ ಗೂಟವನ್ನು ತಕ್ಕಡಿಗೆ ಹಾಕಿ ತೂಗಿದ.
‘ಮುನ್ನೂರು ಗ್ರಾಂ’ ಅಂದು ವಾಪಸು ಕೊಟ್ಟ.
‘ಹಗುರ ಹಗುರ ಅಂತೀರಿ, ಎಷ್ಟು ಹಗುರ?
ನನ್ನ ಅಂಗಡಿ ಮೇಲೆ ಹಾದರೂ ತಡೆದೀತಾ?’

ನೂರಾ ನಾಲ್ಕು, ಶಾಲೆಯ ಖೊಖೊ ಅಂಕಣದಲ್ಲಿ.
ಮಕ್ಕಳು ಅದನ್ನೇ ಕಂಬ ಮಾಡಿಕೊಂಡು ಆಡಿದರು.

ಖಾಸಗಿ ಬಸ್ಸಿನ ಕಂಡಕ್ಟರ್ ತೀರ್ಥೇಶ
ಫುಟ್‌ಬೋರ್ಡಿನಿಂದಲೇ ಕೂಗಿದ:
‘ನಮ್ಮ ಹೊಟ್ಟೆ ಮೇಲೆ ಹಳಿ ಹಾಕ್ತಿದ್ದೀಯಲ್ಲೋ ಹುಚ್ಚರಾಯಾ!’
ಸಂಜೆ ಅವನ ಬಸ್ಸಿಗೇ ಹತ್ತಿದೆ.
ಕೋಲಿಗೆ ಲಗೇಜು ಹಾಕಿದ,
ನನಗೆ ಟಿಕೆಟ್ ಹರಿಯಲಿಲ್ಲ.

ಮುನ್ನೂರ ಹನ್ನೊಂದು, ಸ್ಟೇಷನ್ನಿನ ಗೂಟ.
ಅದಕ್ಕೆ ನೀಲಿ ಬಟ್ಟೆ ಕಟ್ಟಬೇಕು.
ನಕ್ಷೆಯ ಪ್ರಕಾರ ಅದು ಬರುವುದು
ಇನ್ನೂ ಒಂದು ಮನೆ ಏಳದ ಲೇಔಟಿನ ಮುಂದೆ;
ಕಮಾನು ಇದೆ, ಕಾರಂಜಿ ಇದೆ,
ಸೈಟುಗಳ ತುಂಬ ಮುಟ್ಟಿದರೆ ಮುನಿ.
ಗಾರ್ಮೆಂಟ್ಸ್ ಗೇಟು ಅಲ್ಲಿಂದ ಆರುನೂರು ಹೆಜ್ಜೆ,
ನಡುವೆ ಒಂದು ಮೋರಿ, ಒಂದು ಬ್ರಾಂದಿ ಅಂಗಡಿ.

ರಾತ್ರಿ ಹತ್ತಕ್ಕೆ ಪಾಳಿ ಬಿಡುತ್ತದೆ.
ಹೆಂಗಸರು ರಸ್ತೆಯ ಅಂಚಿಗೆ ಸಾಲಾಗಿ ನಿಲ್ಲುತ್ತಾರೆ,
ಲಾರಿ ಬಂದಾಗ ಮುಖ ಕಾಣುತ್ತವೆ,
ಹೋದ ಮೇಲೆ ಬಳೆ ಸದ್ದು ಮಾತ್ರ.
ಹಳೇನಗರದ ಸೆಲ್ವಿ ನನ್ನನ್ನು ಕೇಳಿದಳು:
‘ಅಣ್ಣಾ, ಲೈಟ್ ರೈಲು ಅಂತಾರಲ್ಲ,
ಸ್ಟಾಪಿನಲ್ಲಿ ಲೈಟ್ ಇರುತ್ತಾ?’
ಉಳಿದವರು ನಕ್ಕರು.
ಅವಳು ನಗಲಿಲ್ಲ. ನನ್ನ ಬಾಯಿ ನೋಡುತ್ತಾ ನಿಂತಳು.
ಸ್ಟೇಷನ್ ಎಲ್ಲಿ ಅಂತ ತೋರಿಸಿದೆ,
ಕತ್ತಲೆಯ ಕಡೆಗೆ.

ಬೆಳಿಗ್ಗೆ ಹೋಗಿ ನೋಡಿದರೆ
ಕಮಾನಿನ ಮುಂದೆ ಒಂದು ತೂತು.
ಗೂಟ ಗೇಟಿನೆದುರು ನಿಂತಿದೆ!
ಕಲ್ಲಿನಿಂದ ಬಡಿದಿದ್ದಾರೆ, ತಲೆ ಸೀಳಿದೆ.
ನಾನು ಗಂಟು ಹಾಕಿದ್ದ ನೀಲಿ ಬಟ್ಟೆಯನ್ನು
ಈಗ ಅಂಚು ಮಡಚಿ ಹೊಲಿದಿದ್ದಾರೆ,
ಇಂಚಿಗೆ ಹನ್ನೆರಡು ಹೊಲಿಗೆ,
ಒಂದೂ ಸೊಟ್ಟ ಇಲ್ಲ.

ಲೋಬೋ ಸಾರ್ ಮೂರು ಸಲ ಕೂಡಿದರು, ಕಳೆದರು.
‘ಲೆಕ್ಕ ಕೂಡುತ್ತಿಲ್ಲ ಹುಚ್ಚರಾಯಪ್ಪ. ಎಲ್ಲಿ ತಪ್ಪಿತು?’
‘ಗೂಟ ಇದ್ದಲ್ಲಿ ಹಿಡಿದಿದ್ದೇನೆ ಸಾರ್’ ಅಂದೆ.
ಸುಳ್ಳಲ್ಲ.
ಅವರು ಎದ್ದು ಬಂದರು, ಕುಕ್ಕರಗಾಲಲ್ಲಿ ಕೂತರು,
ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.
ಗೇಟಿನ ಕಡೆ ನೋಡಿದರು.
ಮೋರಿಯ ಕಡೆ ನೋಡಿದರು.
ಕರ್ಚೀಫಿನಿಂದ ದುರ್ಬೀನು ಒರೆಸಿದರು,
ಅದರಲ್ಲಿ ಧೂಳೇ ಇರಲಿಲ್ಲ.
ಆಮೇಲೆ ಪುಸ್ತಕದಲ್ಲಿ ಹೊಸ ಅಂಕಿ ಬರೆದರು,
ಪೆನ್ಸಿಲಿನಲ್ಲಿ.

ಪುಸ್ತಕ ಆಫೀಸಿಗೆ ಹೋಗುತ್ತದೆ.
ಅಲ್ಲಿ ಯಾರೋ ರಬ್ಬರು ಇಟ್ಟುಕೊಂಡು ಕೂತಿರುತ್ತಾರೆ,
ಲೇಔಟಿನವರು ಅವರಿಗೆ ಕಾಫಿ ಕೊಡಿಸಿರುತ್ತಾರೆ.
ಗೊತ್ತು.
‘ಇನ್ನೊಂದು ಸಲ, ನೆಟ್ಟಗೆ’ ಅಂತ ಸಾರ್ ಕೈಯೆತ್ತಿದರು.
ಗೇಟಿನ ಮುಂದೆ, ಸೀಳಿದ ಗೂಟದ ಮೇಲೆ
ಕೋಲು ಊರಿ, ಉಸಿರು ಹಿಡಿದು ನಿಂತೆ.
ಬೆಳಗಿನ ಪಾಳಿಯವರು ಬಸ್ಸಿಳಿದು
ನನ್ನ ಎರಡೂ ಪಕ್ಕಕ್ಕೆ ಸೀಳಿಕೊಂಡು ಒಳಗೆ ಹೋದರು.
ಯಾರೂ ಏನೂ ಕೇಳಲಿಲ್ಲ.